ಎಳ್ಳು ಹೆದರಿದ ಸದ್ದು

ಕ್ಯಾಂಪ್‌ಬೆಲ್
ಸೆಪ್ಟೆಂಬರ್ 12, 2023

ಅಕ್ಷಯಾ,

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದರಲ್ಲಿ ಅರ್ಧ ನನಗೆ ಕೇಳಿಸಲಿಲ್ಲ. ಕೇಳಿಸಿದ ಅರ್ಧಕ್ಕೇ ತಲೆ ಕೆಟ್ಟುಹೋಯಿತು. ಇಷ್ಟು ವರ್ಷ ಕೋವಿಯ ಪಕ್ಕದಲ್ಲಿ ಕಿವಿ ಇಟ್ಟುಕೊಂಡು ಕೂತವನಿಗೆ ಇಷ್ಟಾದರೂ ಕೇಳಿಸುವುದೇ ಹೆಚ್ಚು. ಇನ್ನು ಮೇಲೆ ನಾಯಿಯ ವಿಷಯ ಏನಿದ್ದರೂ ಕಾಗದದಲ್ಲೇ ಮಾತಾಡೋಣ. ಮೆಸೇಜಿನಲ್ಲಿ ಬೈದರೆ ನನಗೆ ಬೈದ ಹಾಗೇ ಅನ್ನಿಸುವುದಿಲ್ಲ.

ನಾನು ಏನು ಹೇಳಿದ್ದೆ? ಗಂಡು ಲ್ಯಾಬ್ರಡಾರ್ ತಗೋ ಅಂದಿದ್ದೆ. ದೊಡ್ಡ ತಲೆ, ಅಗಲ ಎದೆ, ಮಿಕ್ಕ ಮರಿಗಳನ್ನು ತುಳಿದುಕೊಂಡು ಮೊದಲು ಓಡಿಬರುವವನನ್ನು ಆರಿಸು ಅಂದಿದ್ದೆ. ವಾಕವಿಲ್‌ನಲ್ಲಿ ನನ್ನ ಪರಿಚಯದವನ ಹತ್ತಿರ ಅಂಥದ್ದೊಂದು ಇತ್ತು, ಮಾತಾಡಿಯೂ ಇಟ್ಟಿದ್ದೆ. ನೀನು ನನ್ನನ್ನು ಒಂದು ಮಾತು ಕೇಳದೆ ಪೆಟಲೂಮಾಕ್ಕೆ ಹೋಗಿ ಬೆಕ್ಕಿನಷ್ಟಿರುವ ಕರಿ ಹೆಣ್ಣುಮರಿ ತಂದಿದ್ದೀಯ. ಅದಕ್ಕೆ ಎಳ್ಳು ಅಂತ ಹೆಸರು. ಬಾತುಬೇಟೆಗೆ ಹೋಗಿ ಜೌಗಿನಲ್ಲಿ ಸೊಂಟದ ಮಟ್ಟ ನೀರಿನಲ್ಲಿ ನಿಂತು, ನನ್ನ ಸ್ನೇಹಿತರ ಎದುರಿಗೆ ಎಳ್ಳು ಎಳ್ಳು ಅಂತ ಕೂಗುತ್ತೀಯಾ?

ಸಾಲದ್ದಕ್ಕೆ ‘ಕೂರು’, ‘ಬಾ’, ‘ತಾ’ ಅಂತ ಕನ್ನಡದಲ್ಲಿ ಕಲಿಸುತ್ತೀಯಂತೆ. ನಾಳೆ ನಿನಗೆ ಜ್ವರ ಬಂದರೆ ಆ ನಾಯಿಯನ್ನು ನಡೆಸುವವರು ಯಾರು? ಬೇಟೆನಾಯಿ ಮನೆಯ ಮಗು ಅಲ್ಲ. ಅದೊಂದು ಕೆಲಸಗಾರ. ಆಡಿಸುವುದಕ್ಕೆ ನಾಯಿ ಬೇಕಿದ್ದರೆ ಆಡಿಸುವುದಕ್ಕೆ ಅಂತಲೇ ತರಬೇಕಿತ್ತು.

ರಾಕಿ ಸತ್ತ ಮೇಲೆ ನನ್ನ ಮನೆಯಲ್ಲಿ ನಾಯಿ ಇಲ್ಲ. ಈ ವಯಸ್ಸಿನಲ್ಲಿ ಇನ್ನೊಂದು ಮರಿ ಸಾಕುವುದಕ್ಕೆ ನಿನ್ನ ಅತ್ತೆ ಒಪ್ಪುವುದಿಲ್ಲ. ನಿನ್ನದು ಬಂದರೆ ನಮ್ಮಿಬ್ಬರ ನಾಯಿ ಆಗುತ್ತದೆ ಅಂದುಕೊಂಡಿದ್ದೆ. ಇರಲಿ.

ಈಗಲೂ ವಾಪಸು ಕೊಡಬಹುದೇನೋ, ಕೇಳಿ ನೋಡು.

ನಿನ್ನ ಸೋದರಮಾವ,
ಜಯರಾಮ್


ಹೇವರ್ಡ್
ಸೆಪ್ಟೆಂಬರ್ 20, 2023

ಮಾವ,

ವಾಪಸು ಕೊಡುವುದಿಲ್ಲ. ಮೊದಲು ಅದನ್ನು ಹೇಳಿ ಮುಂದಕ್ಕೆ ಹೋಗುತ್ತೇನೆ.

ನಾನು ಕಣ್ಣು ಮುಚ್ಚಿಕೊಂಡು ತಂದಿಲ್ಲ. ಎರಡು ಸಲ ಹೋಗಿ ಬಂದೆ. ಮೊದಲ ಸಲ ಮರಿಗಳನ್ನು ನೋಡಲೇ ಇಲ್ಲ, ತಾಯಿಯನ್ನು ನೋಡಿದೆ. ನಾಯಿ ಸಾಕುವ ಆ ಫಾರಂ ಹೆಂಗಸು ಕೆರೆಗೆ ಡಮ್ಮಿ ಎಸೆದಳು, ಅದೇ ಬಾತಿನ ಬದಲು ಎಸೆಯುವ ಕ್ಯಾನ್ವಾಸ್ ಸುರುಳಿ. ತಾಯಿನಾಯಿ ಅವಳು ಹೇಳುವ ತನಕ ಅಲುಗಲಿಲ್ಲ. ಹೋಗಿ ತಂದು ಕೈಗೆ ಕೊಟ್ಟು ಕೂತಿತು. ಅಪ್ಪನಾಯಿಯದೂ ಅಮ್ಮನಾಯಿಯದೂ ಸೊಂಟದ ಎಕ್ಸ್‌ರೇ, ಕಣ್ಣಿನ ರಿಪೋರ್ಟು ಕೇಳಿ ನೋಡಿದೆ. ನಿಮ್ಮ ವಾಕವಿಲ್ ಪರಿಚಯದವನನ್ನು ಅದನ್ನೇ ಕೇಳಿದ್ದಕ್ಕೆ ಅವನು ನಕ್ಕ. ಅದಕ್ಕೇ ಅವನ ಹತ್ತಿರ ಹೋಗಲಿಲ್ಲ.

ಎರಡನೇ ಸಲ ಮರಿಗಳ ಮಧ್ಯೆ ಕೂತೆ. ನೀವು ಹೇಳಿದಂಥ ಗಂಡು ಅಲ್ಲಿಯೂ ಇತ್ತು. ನನ್ನ ಶೂ ಲೇಸು ಕಚ್ಚಿ ಎಳೆಯಿತು, ತಮ್ಮಂದಿರನ್ನು ಉರುಳಿಸಿತು, ಕರೆದರೆ ತಿರುಗಿ ನೋಡಲಿಲ್ಲ. ಎಳ್ಳು ಮೂಲೆಯಲ್ಲಿ ಬಿದ್ದಿದ್ದ ಒಂದು ಬಾತಿನ ರೆಕ್ಕೆ ಹಿಡಿದುಕೊಂಡು ತನ್ನ ಪಾಡಿಗೆ ಹೊರಟಿದ್ದಳು. ನಾನು ಮಂಡಿಯೂರಿ ಕೂತೆ ಅಷ್ಟೆ. ನಿಂತಳು, ನೋಡಿದಳು, ಅಷ್ಟು ದೂರದಿಂದ ಆ ರೆಕ್ಕೆ ಹೊತ್ತು ತಂದು ನನ್ನ ಮಡಿಲಲ್ಲಿಟ್ಟಳು. ಮೊದಲ ನಾಯಿ ತರುವವಳಿಗೆ ತನ್ನ ಮಾತು ಕೇಳುವ ನಾಯಿ ಬೇಕೋ, ತನ್ನನ್ನು ಎಳೆದಾಡುವ ನಾಯಿ ಬೇಕೋ ನೀವೇ ಹೇಳಿ.

ನನಗೆ ನಾಯಿ ಯಾಕೆ ಬೇಕು ಅನ್ನಿಸಿತು ಅಂತ ನೀವು ಒಮ್ಮೆಯೂ ಕೇಳಲಿಲ್ಲ. ಹೋದ ಜನವರಿ, ಸುಯಿಸನ್ ಜೌಗಿನಲ್ಲಿ, ನಾನು ಹೊಡೆದ ಹೆಣ್ಣುಬಾತು ರೆಕ್ಕೆ ಮುರಿದು ಜೊಂಡಿನೊಳಗೆ ಬಿತ್ತು. ರಾಕಿ ಆಗಲೇ ಇರಲಿಲ್ಲ. ನಾನು ಇಡೀ ಬೆಳಿಗ್ಗೆ ಹುಡುಕಿದೆ. ನೀವು, ‘ಬಿಡು, ಹೋಗ್ಲಿ, ರಕೂನ್ ತಿನ್ನುತ್ತೆ’ ಅಂದಿರಿ. ಅದು ಒಳಗೆಲ್ಲೋ ನೀರು ಬಡಿಯುವ ಸದ್ದು ನನಗೆ ಕೇಳಿಸುತ್ತಿತ್ತು, ನಿಮಗೆ ಕೇಳಿಸುತ್ತಿರಲಿಲ್ಲ. ಹೊಡೆದದ್ದನ್ನು ಹುಡುಕಿ ತರಲಾರದವಳು ಕೋವಿ ಹಿಡಿಯಬಾರದು ಅಂತ ಆವತ್ತು ತೀರ್ಮಾನ ಮಾಡಿದೆ. ನಿಮ್ಮ ಸ್ನೇಹಿತರಿಗೆ ತೋರಿಸುವುದಕ್ಕೆ ಅಲ್ಲ.

ಶನಿವಾರ ಬನ್ನಿ. ನೋಡಿದ ಮೇಲೆ ಬೈಯಿರಿ.

ಅಕ್ಷಯಾ


ಹೇವರ್ಡ್
ಏಪ್ರಿಲ್ 28, 2024

ಪ್ರೀತಿಯ ಮಾವ,

ನಾಳಿದ್ದು ಹೊರಡುತ್ತೇನೆ. ಅಮ್ಮನ ಮಂಡಿ ಆಪರೇಷನ್ ಮುಗಿದು ಅವರು ಕೋಲು ಹಿಡಿದು ನಡೆಯುವ ತನಕ ಮಂಡ್ಯದಲ್ಲೇ ಇರುತ್ತೇನೆ. ಎಳ್ಳುವನ್ನು ನಾಳೆ ಸಂಜೆ ನಿಮ್ಮ ಮನೆಗೆ ಬಿಡುತ್ತೇನೆ. ಬಾಗಿಲಲ್ಲಿ ನಿಂತು ಹೇಳಿದರೆ ನಿಮಗೆ ಕೇಳಿಸುವುದಿಲ್ಲ, ಕೇಳಿಸಿದರೂ ಹೂಂ ಅಂದು ಬಿಡುತ್ತೀರಿ. ಆದ್ದರಿಂದ ಬರೆದು ಕೊಡುತ್ತಿದ್ದೇನೆ.

ಈ ಚಳಿಗಾಲ ನೀವು ಶನಿವಾರಗಳಲ್ಲಿ ಬಂದು ಅವಳ ಜೊತೆ ನೆಲದ ಮೇಲೆ ಕೂತು ಆಡಿದ್ದು ನನಗೆ ಎಷ್ಟು ಸಂತೋಷ ಕೊಟ್ಟಿತು ಅಂತ ಹೇಳಿಲ್ಲ. ಅವಳಿಗೆ ನಿಮ್ಮ ಕಾರಿನ ಸದ್ದು ಗೊತ್ತು. ನಾನು ಮೊದಲು ಮಾಡಿದ ತಪ್ಪುಗಳೂ ನಿಮಗೆ ಗೊತ್ತು. ಡಮ್ಮಿ ಕಚ್ಚಿಕೊಂಡು ಓಡಿದಾಗ ಹಿಂದೆಯೇ ಓಡಿ ಅದನ್ನು ಆಟ ಮಾಡಿಬಿಟ್ಟಿದ್ದೆ. ಈಗ ನಾನೇ ಬೆನ್ನು ತಿರುಗಿಸಿ ಓಡುತ್ತೇನೆ, ಅವಳು ಅಟ್ಟಿಸಿಕೊಂಡು ಬಂದು ಕೈಗೆ ಕೊಡುತ್ತಾಳೆ. ತಾ ಅಂದರೆ ತರುತ್ತಾಳೆ. ಆದರೆ ಮೂರು ನಾಲ್ಕು ಸಲಕ್ಕಿಂತ ಹೆಚ್ಚು ಎಸೆಯಬೇಡಿ, ಬೇಜಾರಾಗಿ ಬಿಟ್ಟುಬಿಡುತ್ತಾಳೆ.

ನೀರಿಗೆ ಇಳಿಸಬೇಡಿ. ಮೊಣಕಾಲು ಮಟ್ಟಕ್ಕೆ ತಾನಾಗಿ ಇಳಿಯುತ್ತಾಳೆ, ಮುಂದಕ್ಕೆ ಇನ್ನೂ ಧೈರ್ಯ ಬಂದಿಲ್ಲ, ಬೇಸಿಗೆಯಲ್ಲಿ ಬರುತ್ತದೆ. ಕೋವಿ ಸದ್ದು ಈಗಲೇ ಬೇಡ. ಅವಳು ಊಟ ಮಾಡುವಾಗ ನಾನು ಅಡಿಗೆಮನೆಯಲ್ಲಿ ತಟ್ಟೆ ಬಡಿಯುತ್ತೇನೆ, ಕುಕ್ಕರು ಕೂಗಿಸುತ್ತೇನೆ. ಈಗ ಕುಕ್ಕರು ಕೂಗಿದರೆ ಊಟ ಬಂತು ಅಂತ ಓಡಿಬರುತ್ತಾಳೆ. ಹಾಗೇ ಸ್ವಲ್ಪ ಸ್ವಲ್ಪವಾಗಿ ಹೋಗಬೇಕು. ರಾಕಿಯ ಕತ್ತಿಗೆ ಕಟ್ಟಿ ರಿಮೋಟಿನಿಂದ ಶಾಕ್ ಕೊಡುತ್ತಿದ್ದ ಆ ಕರೆಂಟಿನ ಪಟ್ಟಿ ನಿಮ್ಮ ಗರಾಜಿನಲ್ಲಿದೆ ಅಂತ ಗೊತ್ತು. ಅದು ಅಲ್ಲೇ ಇರಲಿ.

ಇಷ್ಟು ಮಾಡಿ, ಮಾವ. ಇವಳನ್ನು ಬಿಡುವುದಕ್ಕೆ ನನಗೆ ಬೇರೆ ಯಾರೂ ಇಲ್ಲ, ಬೇರೆ ಯಾರೂ ಬೇಕಾಗಿಯೂ ಇಲ್ಲ.

ನಿಮ್ಮ
ಅಕ್ಷಯಾ


ಹೇವರ್ಡ್
ಜೂನ್ 2, 2024

ಜಯರಾಮ್ ಮಾವ,

ಹೋದ ಭಾನುವಾರ ನಾಯಿಯನ್ನು ಕರೆದುಕೊಂಡು ಹೋಗಲು ಬಂದಾಗ ಅವಳು ಬಾಗಿಲಿಗೆ ಬರಲಿಲ್ಲ. ಬಟ್ಟೆ ಒಗೆಯುವ ಮೆಷಿನ್ನಿನ ಹಿಂದೆ ಇದ್ದಳು. ನೀವು, ‘ಬಿಟ್ಟು ಹೋದೆ ಅಂತ ನಿನ್ನ ಮೇಲೆ ಕೋಪ ಅದಕ್ಕೆ’ ಅಂದಿರಿ. ನಾನು ನಂಬಿದೆ. ಕಾರಿನಲ್ಲಿ ಅವಳ ಹತ್ತಿರ ಕ್ಷಮೆ ಕೂಡ ಕೇಳಿದೆ.

ಮನೆಗೆ ಬಂದು ಅನ್ನಕ್ಕಿಟ್ಟೆ. ಕುಕ್ಕರು ಕೂಗಿತು. ಅವಳು ನಿಂತಲ್ಲೇ ಉಚ್ಚೆ ಹೊಯ್ದುಕೊಂಡು ಬಚ್ಚಲಮನೆಗೆ ನುಗ್ಗಿ ಕಮೋಡಿನ ಹಿಂದೆ ತಲೆ ತುರುಕಿದಳು. ಹೊರಗೆ ತರಲು ಕೈ ಹಾಕಿದಾಗ ಗಂಟಲ ಕೆಳಗೆ ಕೂದಲಿನೊಳಗೆ ಬೆರಳಿಗೆ ಒದ್ದೆ ತಾಗಿತು. ಎರಡು ಹುಣ್ಣು, ಪಕ್ಕಪಕ್ಕದಲ್ಲಿ. ಮಾರನೆಯ ದಿನ ಡಮ್ಮಿ ತೆಗೆದೆ. ಅದನ್ನು ಕಂಡರೆ ಮೈಯೆಲ್ಲ ಕುಣಿಸುತ್ತಿದ್ದವಳು ಹೊಟ್ಟೆ ನೆಲಕ್ಕೆ ಒತ್ತಿ ಮಲಗಿ ಕಣ್ಣು ಮುಚ್ಚಿಕೊಂಡಳು. ಕಣ್ಣು ಮುಚ್ಚಿಕೊಂಡಳು ಮಾವ. ನಾನು ಏನು ಮಾಡಿಬಿಡುತ್ತೇನೋ ಅಂತ.

ಅತ್ತೆಗೆ ಫೋನು ಮಾಡಿದೆ. ಅತ್ತೆ, ‘ನಾನು ಬೇಡ ಅಂದೆ ಕಣಮ್ಮ, ಕೇಳಿಸ್ಕೊಳ್ಳಲಿಲ್ಲ’ ಅಂದರು. ಆಮೇಲೆ, ‘ಕಿವಿ ಕೇಳ್ಸಲ್ಲ ಅಂತಲ್ಲ, ಕೇಳಿಸ್ಕೊಳ್ಳಲಿಲ್ಲ’ ಅಂದರು.

ಎಲ್ಲ ಅವರೇ ಹೇಳಿದರು: ಟ್ರೇಸಿ ಊರಿನ ಹತ್ತಿರ ನಿಮ್ಮ ಸ್ನೇಹಿತರು ಸೇರುವ ಫಾರಂಗೆ ಅವಳನ್ನು ಕರೆದುಕೊಂಡು ಹೋಗಿದ್ದೀರಿ. ಪಟ್ಟಿ ಕಟ್ಟಿ ಕೆರೆಗೆ ಇಳಿಸಿದ್ದೀರಿ. ಇಳಿಯದಿದ್ದಾಗ ರಿಮೋಟು ಒತ್ತಿದ್ದೀರಿ. ಅಷ್ಟು ಸಾಲದು ಅಂತ ಅವಳ ತಲೆಯ ಮೇಲೆ ದೊಡ್ಡ ಕೋವಿ ಹಾರಿಸಿದ್ದೀರಿ, ನೀವೊಬ್ಬರೇ ಅಲ್ಲ, ನಿಮ್ಮ ಸ್ನೇಹಿತರೂ. ಒಂದು ಸಲ ಅಲ್ಲ, ಮತ್ತೆ ಮತ್ತೆ ಹೋಗಿದ್ದೀರಿ.

ಅಮ್ಮನ ಮಂಡಿಗೆ ಐಸ್ ಇಡುತ್ತಾ ಕೂತಿದ್ದಾಗ ನೀವು ಒಂದು ಫೋಟೋ ಕಳಿಸಿದ್ದಿರಿ. ಕೆರೆಯ ದಡದಲ್ಲಿ ಎಳ್ಳು, ಪಕ್ಕದಲ್ಲಿ ನೀವು. ‘ನಮ್ಮ ಹುಡುಗಿ ರೆಡಿಯಾಗ್ತಿದಾಳೆ’ ಅಂತ ಬರೆದಿದ್ದಿರಿ. ಅಮ್ಮನಿಗೆ ತೋರಿಸಿ, ‘ನೋಡಮ್ಮ, ನಿನ್ನ ತಮ್ಮ ಎಷ್ಟು ಚೆನ್ನಾಗಿ ನೋಡಿಕೊಳ್ತಿದಾರೆ’ ಅಂದೆ. ಇವತ್ತು ಆ ಫೋಟೋ ದೊಡ್ಡದು ಮಾಡಿ ನೋಡಿದೆ. ಬಾಲ ಹೊಟ್ಟೆಯ ಕೆಳಗಿದೆ. ಅದು ನಿಮಗೆ ಕಾಣಿಸಲಿಲ್ಲವೋ, ಕಾಣಿಸಿಯೂ ಫೋಟೋ ತೆಗೆಸಿಕೊಂಡಿರೋ?

ಕೋವಿಗೆ ಹೆದರಿದ ನಾಯಿ ಕೆಲಸಕ್ಕೆ ಬರುವುದಿಲ್ಲ ಅಂತ ನನಗೆ ಮೊದಲು ಹೇಳಿಕೊಟ್ಟವರು ನೀವು. ನಿಮ್ಮ ಕೈಯಾರೆ ಅಂಥ ನಾಯಿ ಮಾಡಿ ವಾಪಸು ಕೊಟ್ಟಿರಿ, ಹೇಳಲೂ ಇಲ್ಲ.

ಇಲ್ಲಿಗೆ ಬರಬೇಡಿ. ಶನಿವಾರವೂ ಬೇಡ, ಯಾವ ವಾರವೂ ಬೇಡ.

ಅಕ್ಷಯಾ


ಕ್ಯಾಂಪ್‌ಬೆಲ್
ಜೂನ್ 9, 2024

ಅಕ್ಷಯಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ನಮ್ಮಪ್ಪ ಕೂಡ ನನಗೆ ಇಂಥ ಕಾಗದ ಬರೆದಿರಲಿಲ್ಲ.

ಏರ್‌ಪೋರ್ಟಿನಲ್ಲಿ ಎರಡು ಸೂಟ್‌ಕೇಸು ಹಿಡಿದು ಅಳುತ್ತಾ ನಿಂತಿದ್ದವಳನ್ನು ಮನೆಗೆ ಕರೆತಂದವನು ನಾನು. ಎಂಎಸ್ ಮುಗಿಯುವ ತನಕ ಮಗಳ ಹಾಗೆ ಇಟ್ಟುಕೊಂಡೆ. ಗ್ರೋಸರಿ ಅಂಗಡಿಯ ಪಾರ್ಕಿಂಗಿನಲ್ಲಿ ಕಾರು ಕಲಿಸಿದೆ. ಕೋವಿ ಹಿಡಿಯುವುದು ಕಲಿಸಿದೆ, ಅದನ್ನು ನನ್ನ ಸ್ವಂತ ಮಗನಿಗೂ ಕಲಿಸಲಿಲ್ಲ. ಇವತ್ತು ಒಂದು ನಾಯಿಗೋಸ್ಕರ ಮನೆಗೆ ಬರಬೇಡಿ ಅನ್ನುತ್ತೀಯ.

ರಾಕಿ ಕಲಿತದ್ದು ಆ ಪಟ್ಟಿಯಲ್ಲೇ. ಹನ್ನೊಂದು ವರ್ಷ ಬದುಕಿದ, ನಾನು ಕೂತಲ್ಲಿ ಬಂದು ಕಾಲ ಮೇಲೆ ತಲೆಯಿಟ್ಟು ಸತ್ತ. ಅವನು ನನ್ನನ್ನು ಕಂಡು ಹೆದರಿದ್ದನೇ? ಕಲಿಸುವುದು ಅಂದರೆ ಮುದ್ದು ಮಾಡುವುದಲ್ಲ. ನೀನು ತಟ್ಟೆ ಬಡಿಯುತ್ತಾ ಕೂತರೆ ಆ ನಾಯಿ ಮುಂದಿನ ಬೇಟೆ ಸೀಸನ್‌ಗಿರಲಿ, ಅದರ ಮುಂದಿನದಕ್ಕೂ ಸಿದ್ಧವಾಗುತ್ತಿರಲಿಲ್ಲ. ನೀನು ಬರುವಷ್ಟರಲ್ಲಿ ಸಿದ್ಧ ಮಾಡಿ ಕೊಡೋಣ ಅಂದುಕೊಂಡೆ. ನಿನಗೆ ಖುಷಿಯಾಗುತ್ತದೆ ಅಂದುಕೊಂಡೆ.

ನಿನಗೆ ಆ ಕ್ಲಬ್ಬಿನ ಬೇಟೆಗಾರರ ಮಧ್ಯೆ ನಿಲ್ಲುವುದು ಏನು ಅಂತ ಗೊತ್ತಿಲ್ಲ. ನಾನು ಮೊದಲ ಸಲ ಜೌಗಿಗೆ ಹೋದಾಗ ನನ್ನ ಕೈಗೆ ಕೋವಿ ಕೊಡಲಿಲ್ಲ. ಒಂದು ಇಡೀ ಸೀಸನ್ ಏರಿಯ ಮೇಲೆ ನಿಂತು ಅವರು ಹೊಡೆದ ಬಾತು ಹೊತ್ತೆ. ನನ್ನ ನಾಯಿ ಸರಿಯಾಗಿ ಕೆಲಸ ಮಾಡಿದ ಮೇಲೆ ಅವರು ನನ್ನನ್ನು ಹೆಸರು ಹಿಡಿದು ಕರೆದರು. ಆ ಜನರ ಎದುರಿಗೆ ನಿನ್ನ ನಾಯಿ ನೀರನ್ನು ನೋಡಿ ಕೂತುಬಿಟ್ಟಿತು. ಒಬ್ಬ ನಕ್ಕ. ಇನ್ನೊಬ್ಬ ಏನೋ ಅಂದ, ನನಗೆ ಕೇಳಿಸಲಿಲ್ಲ, ಮಿಕ್ಕವರೂ ನಕ್ಕರು. ನಾನು ಏನು ಮಾಡಬೇಕಿತ್ತು?

ಅದು ಹೆದರುಪುಕ್ಕಲು ನಾಯಿ. ಆರಿಸಿದವಳು ನೀನು.

ಜಯರಾಮ್


ಕ್ಯಾಂಪ್‌ಬೆಲ್
ಜುಲೈ 8, 2024

ಅಕ್ಷಯಾ,

ಶನಿವಾರ ನೀನು ‘ಹೋಗಿ’ ಅಂದೆ, ನಾನು ಹೋದೆ. ನೀನು ಬರುವುದಕ್ಕೆ ಮೊದಲು ಏನಾಯಿತು ಅಂತ ನಿನಗೆ ಗೊತ್ತಿರಬೇಕು, ಅದಕ್ಕೆ ಬರೆಯುತ್ತಿದ್ದೇನೆ. ಉತ್ತರ ಬೇಡ.

ನಾಲ್ಕನೇ ತಾರೀಖು ಸ್ವಾತಂತ್ರ್ಯ ದಿನದ ಪಟಾಕಿಗೆ ಹೆದರಿ ಅವಳು ಬೇಲಿಯ ಹಲಗೆ ಕಿತ್ತುಕೊಂಡು ಓಡಿಹೋದದ್ದನ್ನು ನೀನು ನನಗೆ ಹೇಳಲಿಲ್ಲ, ನಿನ್ನ ಅತ್ತೆ ಹೇಳಿದಳು. ಶುಕ್ರವಾರ ನಾನು ಹೇವರ್ಡ್‌ನಲ್ಲೇ ಇದ್ದೆ, ನಿನಗೆ ಗೊತ್ತಿಲ್ಲ. ಕಾರಿನ ಕಿಟಕಿ ಇಳಿಸಿಕೊಂಡು ಎಳ್ಳು ಎಳ್ಳು ಅಂತ ಕೂಗುತ್ತಾ ಬೀದಿ ಬೀದಿ ಸುತ್ತಿದೆ. ನಾನೇ ನಗಾಡಿದ ಹೆಸರು. ಜನ ನೋಡುತ್ತಿದ್ದರು, ನೋಡಲಿ ಅಂದುಕೊಂಡೆ.

ಶನಿವಾರ ಬೆಳಿಗ್ಗೆ ಗೋದಾಮುಗಳ ಸಾಲಿನ ಹಿಂದೆ, ಕೊಲ್ಲಿಯ ಕಡೆ ಹೋಗುವ ಕಾಲುವೆ ಇದೆಯಲ್ಲ, ಅಲ್ಲಿ ಕಂಡಳು. ಕುಂಟುತ್ತಿದ್ದಳು. ನಾನು ಖುಷಿಯಲ್ಲಿ ಕೂಗಿದೆ. ಅವಳು ನನ್ನ ದನಿ ಕೇಳಿ, ತಿರುಗಿ ಕೂಡ ನೋಡದೆ ಫ್ರೀವೇ ಕಡೆ ಓಡಿದಳು.

ಲಾರಿಗಳು ಹೋಗುವ ದಾರಿ ಅದು. ನಾನು ಇನ್ನೊಂದು ಸಲ ಕೂಗಿದ್ದರೆ ಇಷ್ಟು ಹೊತ್ತಿಗೆ ನೀನು ಬೇರೆ ಕಾಗದ ಓದುತ್ತಿದ್ದೆ. ಬಾಯಿ ಮುಚ್ಚಿಕೊಂಡೆ. ದೊಡ್ಡದಾಗಿ ಸುತ್ತು ಹಾಕಿ, ಅವಳಿಗೂ ಫ್ರೀವೇಗೂ ನಡುವೆ ಹೋಗಿ ನಿಂತೆ. ನನ್ನನ್ನು ಕಂಡು ಹಿಂದಕ್ಕೆ ಸರಿದು, ರಸ್ತೆಯ ಅಡಿಯ ಮೋರಿಯ ಪೈಪಿನೊಳಗೆ ಹೋದಳು. ಅತ್ತ ಕಡೆ ಕಬ್ಬಿಣದ ಜಾಲರಿ ಇತ್ತು. ಇತ್ತ ಬಾಯಲ್ಲಿ ನಾನು ಕೂತೆ. ನಿನ್ನ ಅತ್ತೆಗೆ ಫೋನಿನಲ್ಲಿ ಜಾಗದ ಗುರುತು ಕಳಿಸಿ, ನಿನಗೆ ತಿಳಿಸು ಅಂದೆ. ನೀನು ಆಗ ಎಲ್ಲೋ ಸ್ಯಾನ್ ಲಿಯಾಂಡ್ರೋ ಕಡೆ ಹುಡುಕುತ್ತಿದ್ದೆಯಂತೆ.

ಕಾಂಕ್ರೀಟು ಕಾದಿತ್ತು. ಒಳಗೆ ಕತ್ತಲಲ್ಲಿ ಅವಳ ಕಣ್ಣು ಎರಡು ಮಾತ್ರ ಕಾಣುತ್ತಿದ್ದವು. ಜೇಬಿನಲ್ಲಿ ಬಿಸ್ಕತ್ತು ಇತ್ತು. ತೆಗೆಯೋಣ ಅಂತ ಜೇಬಿಗೆ ಕೈ ಹಾಕಿದೆ. ಅಷ್ಟಕ್ಕೇ ಅವಳು ಕಿರುಚಿದಳು. ನಾನು ಮುಟ್ಟಿರಲಿಲ್ಲ, ಏನೂ ಮಾಡಿರಲಿಲ್ಲ. ಆ ಪಟ್ಟಿಯ ರಿಮೋಟು ನಾನು ಇಟ್ಟುಕೊಳ್ಳುತ್ತಿದ್ದದ್ದು ಅದೇ ಜೇಬಿನಲ್ಲಿ. ನನ್ನ ಈ ಕಿವಿಗೂ ಆ ಕಿರುಚು ಕೇಳಿಸಿತು.

ಆಮೇಲೆ ಎರಡೂ ಕೈ ತೊಡೆಯ ಮೇಲೆ ಕಾಣುವ ಹಾಗೆ ಇಟ್ಟುಕೊಂಡು ಕೂತೆ, ನೀನು ಬರುವ ತನಕ.

ನೀನು ಬಂದೆ. ‘ನೀವು ಹೋಗಿ ಮಾವ, ನೀವಿದ್ರೆ ಅವಳು ಬರಲ್ಲ’ ಅಂದೆ. ನನ್ನ ಮುಖ ನೋಡದೆ ಅಂದೆ. ನಾನು ಎದ್ದು ಕಾರಿನ ಹತ್ತಿರ ಹೋದೆ. ಅವಳು ಹೊರಗೆ ಬಂದದ್ದನ್ನು ದೂರದಿಂದ ನೋಡಿಕೊಂಡು ಮನೆಗೆ ಬಂದೆ.

ಅಷ್ಟೇ ನಡೆದದ್ದು.

ಜಯರಾಮ್


ಹೇವರ್ಡ್
ಸೆಪ್ಟೆಂಬರ್ 15, 2024

ಮಾವ,

ನಿಮ್ಮ ಜುಲೈ ಕಾಗದಕ್ಕೆ ಉತ್ತರ ಬೇಡ ಅಂದಿದ್ದಿರಿ. ಇದು ಅದಕ್ಕೆ ಉತ್ತರ ಅಲ್ಲ. ನೀವು ಅವಳನ್ನು ಉಳಿಸಿದಿರಿ, ನಿಜ. ಉಳಿಸಬೇಕಾಗಿ ಬಂದದ್ದು ಯಾಕೆ ಅನ್ನುವುದೂ ನಿಜ. ಒಂದನ್ನು ನೆನೆದಾಗ ಇನ್ನೊಂದು ಬಂದು ನಿಲ್ಲುತ್ತದೆ, ಆದ್ದರಿಂದ ಥ್ಯಾಂಕ್ಸ್ ಬರೆಯಲು ಕೂತು ಹರಿದು ಹಾಕಿದೆ.

ಕಾಲಿನ ಗಾಯ ವಾಸಿಯಾಗಿದೆ. ಡಾಕ್ಟರು ಮನೆಯಲ್ಲಿ ಸುಮ್ಮನೆ ಸಾಕಿ, ಬೇಟೆ ಮರೆತುಬಿಡಿ ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಇವಳು ಬರೀ ಮನೆಯಲ್ಲಿ ಇರುವುದಕ್ಕೂ ಆಗುತ್ತಿಲ್ಲ. ಪಕ್ಕದ ಮನೆಯವರು ಕಸದ ಡಬ್ಬಿ ಮುಚ್ಚಿದರೆ ಮಂಚದ ಅಡಿ ಹೋಗುತ್ತಾಳೆ, ಊಟ ಬಿಡುತ್ತಾಳೆ. ಹೆದರಿಕೆಯನ್ನು ಬಿಡಿಸಲೇಬೇಕು, ಬೇಟೆಗೆ ಅಂತಲ್ಲ, ಬದುಕುವುದಕ್ಕೆ.

ಪೆಟಲೂಮಾ ಹೆಂಗಸನ್ನು ಕೇಳಿದೆ. ಅವಳು ಒಂದೂ ಬೈಗುಳ ಆಡದೆ ದಾರಿ ಹೇಳಿದಳು. ದೊಡ್ಡ ಬಯಲು ಬೇಕು. ಆ ತುದಿಯಲ್ಲಿ ಒಬ್ಬರು ನಿಂತು ಬರೀ ಸದ್ದು ಮಾಡುವ ಪಿಸ್ತೂಲು ಹಾರಿಸಬೇಕು, ಈ ತುದಿಯಲ್ಲಿ ನಾನು ಅದೇ ಕ್ಷಣ ಅವಳಿಗೆ ಇಷ್ಟದ್ದೇನಾದರೂ ತಿನ್ನಿಸಬೇಕು. ಅವಳ ಕಿವಿ ಅಲುಗಿದರೆ ಸರಿ, ಬಾಲ ಇಳಿದರೆ ದೂರ ಸಾಲದು. ವಾರಕ್ಕೊಂದು ಬೆಳಿಗ್ಗೆ, ತಪ್ಪದೆ, ತಿಂಗಳುಗಟ್ಟಲೆ. ಹಾರಿಸುವವರಿಗೆ ಆತುರ ಇರಬಾರದು, ಅವರಿಗೆ ಅದರಿಂದ ಏನೂ ಸಿಗುವುದಿಲ್ಲ.

ನಾನು ಕೆಲಸ ಮಾಡುವ ಗೋದಾಮಿನ ಮ್ಯಾನುಯೆಲ್‌ನ ಹೆಂಡತಿ ಕಡೆಯವರಿಗೆ ಸುನೋಲ್ ಗುಡ್ಡದಲ್ಲಿ ದನ ಮೇಯಿಸುವ ಜಾಗ ಇದೆ. ಈಗ ಹುಲ್ಲು ಒಣಗಿದೆ, ಒಂದು ಕಿಡಿ ಬಿದ್ದರೆ ಗುಡ್ಡವೇ ಹೋಗುತ್ತದೆ. ಮಳೆ ಬಿದ್ದ ಮೇಲೆ, ನವೆಂಬರಿನಿಂದ ಮಾಡಿಕೊಳ್ಳಿ ಅಂದಿದ್ದಾರೆ. ನವೆಂಬರ್ ಅಂದರೆ ಸೀಸನ್. ಕ್ಲಬ್ಬಿನವರನ್ನೆಲ್ಲ ಕೇಳಿದೆ. ಭಾನುವಾರ ಬೆಳಿಗ್ಗೆ ಬಾತು ಬಿಟ್ಟು ಬಂದು ಬಯಲಿನಲ್ಲಿ ಒಬ್ಬರೇ ನಿಲ್ಲುವುದಕ್ಕೆ ಯಾರಿಗೂ ಹುಚ್ಚಿಲ್ಲ.

ನೀವು ನಿಂತುಕೊಳ್ಳಿ. ಈ ಸೀಸನ್ ಬಿಡಿ. ಒಂದು ಭಾನುವಾರ ಅಲ್ಲ, ಪೂರ್ತಿ ಬಿಡಿ. ನಾನು ಕೇಳಿಕೊಳ್ಳುತ್ತಿಲ್ಲ. ಕೆಡಿಸಿದವರು ನೀವು, ಅದಕ್ಕೆ ಹೇಳುತ್ತಿದ್ದೇನೆ.

ಅಕ್ಷಯಾ


ಕ್ಯಾಂಪ್‌ಬೆಲ್
ಸೆಪ್ಟೆಂಬರ್ 23, 2024

ಅಕ್ಷಯಾ,

ನನಗೆ ಶಿಕ್ಷೆ ವಿಧಿಸುವುದಕ್ಕೆ ನೀನು ಯಾರು?

ಇಪ್ಪತ್ತೆಂಟು ವರ್ಷ ಒಂದು ಸೀಸನ್ ತಪ್ಪಿಸಿಲ್ಲ. ಬೈಪಾಸ್ ಆದ ವರ್ಷವೂ ತಪ್ಪಿಸಿಲ್ಲ. ಇನ್ನೆಷ್ಟು ಸೀಸನ್ ನನ್ನ ಕಾಲು ಕೆಸರಿನಲ್ಲಿ ನಿಲ್ಲುತ್ತದೋ ಗೊತ್ತಿಲ್ಲ, ಅದರಲ್ಲಿ ಒಂದನ್ನು ತೆಗೆದು ಕೊಡು ಅನ್ನುತ್ತೀಯ. ಅದೂ ಹೇಗೆ, ನಾಯಿ ಆ ತುದಿ, ನಾನು ಈ ತುದಿ. ಹತ್ತಿರ ಕೂಡ ಬರಬಾರದು.

ಆಗುವುದಿಲ್ಲ. ಬೇರೆ ಯಾರನ್ನಾದರೂ ನೋಡಿಕೋ.

ಜಯರಾಮ್


ಹೇವರ್ಡ್
ನವೆಂಬರ್ 18, 2024

ಮಾವ,

ನಿನ್ನೆ ಸುನೋಲ್‌ನಲ್ಲಿ ನಿಮ್ಮ ಕಾರು ಕಂಡಾಗ ಮೊದಲು ನನಗೆ ನಂಬಿಕೆಯಾಗಲಿಲ್ಲ. ಜಾಗ, ದಿನ ಎರಡನ್ನೂ ಅತ್ತೆಗೆ ಹೇಳಿದ್ದೆ, ಆದರೆ ನೀವು ಬರುತ್ತೀರಿ ಅಂತ ಅವರೂ ಹೇಳಿರಲಿಲ್ಲ. ಬಂದು ಕಾರಿನಿಂದ ಇಳಿಯದೆ, ಕಿಟಕಿಯಿಂದ ಪಿಸ್ತೂಲು ತೋರಿಸಿ, ‘ಎಲ್ಲಿ ನಿಲ್ಲಬೇಕು ಹೇಳು’ ಅಂತ ಮಾತ್ರ ಕೇಳಿದಿರಿ. ಒಳ್ಳೆಯದೇ ಆಯಿತು. ಮಾತಾಡಿದ್ದರೆ ಇಬ್ಬರೂ ಜಗಳವಾಡಿ ವಾಪಸು ಹೋಗುತ್ತಿದ್ದೆವು.

ಮುಂದಿನ ವಾರದಿಂದ ಬಯಲಿನ ಆ ತುದಿಯಲ್ಲಿ, ನೀರಿನ ತೊಟ್ಟಿಯ ಹಿಂದೆ ನಿಲ್ಲಿ. ನಿನ್ನೆ ನಿಂತ ಜಾಗ ಹತ್ತಿರವಾಯಿತು. ಗಾಳಿ ನಿಮ್ಮ ಕಡೆಯಿಂದ ಬೀಸುವ ದಿನ ಇನ್ನೂ ಹಿಂದೆ ಹೋಗಿ. ನಿಮಗೆ ನನ್ನ ಕೂಗು ಕೇಳಿಸುವುದಿಲ್ಲ, ಆದ್ದರಿಂದ ಬಿಳಿ ಟವೆಲ್ ಎತ್ತುತ್ತೇನೆ. ಎತ್ತಿದಾಗ ಒಂದು ಸಲ ಹಾರಿಸಿ. ಎರಡು ಬೇಡ. ಕೆಂಪು ಟವೆಲ್ ಎತ್ತಿದರೆ ಆವತ್ತಿನದು ಮುಗಿಯಿತು, ಮನೆಗೆ ಹೋಗಿ. ಈ ಕಡೆ ಬರಬೇಡಿ.

ಅಕ್ಷಯಾ


ಕ್ಯಾಂಪ್‌ಬೆಲ್
ಜನವರಿ 6, 2025

ಅಕ್ಷಯಾ,

ನಿನ್ನೆ ಮಂಜಿನಲ್ಲಿ ನಿನ್ನ ಟವೆಲ್ ಬಿಳಿಯೋ ಕೆಂಪೋ ತಿಳಿಯದೆ ಒದ್ದಾಡಿದೆ. ಮಂಡಿಯವರೆಗೆ ಒದ್ದೆ ಹುಲ್ಲು. ದನಗಳು ಬಂದು ನನ್ನ ಸುತ್ತ ನಿಂತು ನೋಡಿದವು. ತಲೆಯ ಮೇಲೆ ಬಾತುಗಳ ದೊಡ್ಡ ಹಿಂಡು ಹೋಯಿತು, ಇಷ್ಟು ಕೆಳಗೆ. ಆ ಸದ್ದು ಮಾಡುವ ಆಟದ ಸಾಮಾನು ಹಿಡಿದುಕೊಂಡು ನಾನು ಬಾಯಿ ಬಿಟ್ಟು ನೋಡುತ್ತಾ ನಿಂತಿದ್ದೆ. ಸ್ನೇಹಿತರು ಫೋನು ಮಾಡುವುದು ಬಿಟ್ಟಿದ್ದಾರೆ. ನನ್ನ ಜಾಗಕ್ಕೆ ಬೇರೆ ಯಾರನ್ನೋ ಸೇರಿಸಿಕೊಂಡರಂತೆ.

ಅದೆಲ್ಲ ಹೋಗಲಿ. ನಾನು ಹಾರಿಸಿದ ಮೇಲೆ ಅಲ್ಲಿ ಏನಾಗುತ್ತದೆ ಅಂತ ನೀನು ಒಂದು ದಿನವಾದರೂ ಹೇಳಿದ್ದೀಯಾ? ನೀನು ಟವೆಲ್ ಎತ್ತುತ್ತೀಯ, ನಾನು ಹಾರಿಸುತ್ತೇನೆ, ನೀನು ಕೆಂಪು ಎತ್ತುತ್ತೀಯ, ನಾನು ಮನೆಗೆ ಬರುತ್ತೇನೆ. ಅವಳು ಉಂಡಳೋ, ನಡುಗಿದಳೋ, ಮಲಗಿಬಿಟ್ಟಳೋ, ನನಗೆ ಕಾಣುವುದು ಒಂದು ಕರಿ ಚುಕ್ಕೆ. ಹೋದ ತಿಂಗಳು ನೀನು ಎರಡು ಸಲ ಮುಂದೆ ಬನ್ನಿ ಅಂತ ಕೈ ಮಾಡಿದೆ, ಹೋದ ವಾರ ಮತ್ತೆ ಹಿಂದಕ್ಕೆ ಹೋಗಿ ಅಂದೆ. ಯಾಕೆ ಹಿಂದಕ್ಕೆ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಿನಗೆ ನನ್ನ ಮೇಲೆ ಕೋಪ ಇದ್ದರೆ ಇರಲಿ, ಅವಳ ಸುದ್ದಿ ಹೇಳುವುದಕ್ಕೆ ಏನು ಕಷ್ಟ?

ಒಂದು ಸಾಲು ಬರೆ.

ಮಾವ


ಹೇವರ್ಡ್
ಫೆಬ್ರವರಿ 3, 2025

ಮಾವ,

ಬರೆಯದೆ ಇದ್ದದ್ದು ಬೇಕೆಂದೇ. ನಿಮಗೂ ಸ್ವಲ್ಪ ದಿನ ಗೊತ್ತಾಗದೆ ಇರಲಿ ಅಂತ. ನಾನು ಊರಿನಲ್ಲಿದ್ದಾಗ ನನಗೆ ಗೊತ್ತಾಗದೆ ಇದ್ದ ಹಾಗೆ. ಈಗ ಸಾಕು. ನಿನ್ನೆ ಈ ತುದಿಯಲ್ಲಿ ಆದದ್ದನ್ನು ಹೇಳುತ್ತೇನೆ.

ಮಂಜು ಕರಗಿ ಬಿಸಿಲು ಬಂದಿತ್ತು. ನೀವು ದೊಡ್ಡ ಓಕ್ ಮರದ ಹತ್ತಿರ ನಿಂತಿದ್ದಿರಿ, ಇಷ್ಟು ದಿನದಲ್ಲಿ ಅದೇ ಎಲ್ಲಕ್ಕಿಂತ ಹತ್ತಿರ. ಮೊದಲ ಸದ್ದಿಗೆ ಎಳ್ಳು ಕೋಳಿ ತುಂಡು ಅಗಿಯುವುದನ್ನು ನಿಲ್ಲಿಸಿ, ಮತ್ತೆ ಅಗಿದಳು. ಅಷ್ಟಕ್ಕೇ ಕೆಂಪು ಟವೆಲ್ ಎತ್ತಬೇಕಿತ್ತು. ಎತ್ತಲಿಲ್ಲ. ಚೀಲದಲ್ಲಿ ಡಮ್ಮಿ ಇತ್ತು. ಮೇ ತಿಂಗಳ ನಂತರ ಅವಳ ಕಣ್ಣಿಗೆ ಅದನ್ನು ಬೀಳಿಸಿರಲಿಲ್ಲ. ತೆಗೆದು ಹುಲ್ಲಿನ ಮೇಲೆ ಇಟ್ಟೆ, ಎಸೆಯಲಿಲ್ಲ. ಅವಳು ಕತ್ತು ಚಾಚಿ ಮೂಸಿದಳು. ಹಿಂದಕ್ಕೆ ಹೋದಳು. ಮತ್ತೆ ಬಂದಳು. ನಾನು ಅತ್ತ ತಿರುಗಿ ಕೂತೆ. ಬೆನ್ನ ಹಿಂದೆ ಅವಳ ಉಸಿರು ಕೇಳಿಸುತ್ತಿತ್ತು.

ಆಮೇಲೆ ಎದ್ದು ನಿಧಾನಕ್ಕೆ ಎಸೆದೆ. ಬಿಳಿ ಟವೆಲ್ ಎತ್ತಿದೆ. ನೀವು ಹಾರಿಸಿದಿರಿ.

ಅವಳು ಮಲಗಲಿಲ್ಲ. ತಲೆ ಎತ್ತಿ ಆಕಾಶ ನೋಡಿದಳು. ಸದ್ದು ಬಂದರೆ ಮೇಲಿನಿಂದ ಏನಾದರೂ ಬೀಳುತ್ತದೆ ಅಂತ ಯಾವ ನಾಯಿಗೂ ಯಾರೂ ಹೇಳಿಕೊಡಬೇಕಿಲ್ಲವಂತೆ, ಪೆಟಲೂಮಾದವಳು ಹೇಳುತ್ತಾಳೆ. ಆಕಾಶದಲ್ಲಿ ಏನೂ ಇರಲಿಲ್ಲ. ಅವಳು ನನ್ನನ್ನು ನೋಡಿದಳು. ನಾನು ‘ತಾ’ ಅಂತ ಪಿಸುಗುಟ್ಟಿದೆ. ಅಷ್ಟು ಸಾಕಾಯಿತು. ಹೋಗಿ ಹಿಡಿದು ತಂದಳು. ಕೊಡಲಿಲ್ಲ. ಬಾಯಲ್ಲೇ ಇಟ್ಟುಕೊಂಡು ನನ್ನ ಸುತ್ತ ಸುಮ್ಮನೆ ತಿರುಗಿದಳು. ನಾನು ಕೇಳಲೂ ಇಲ್ಲ.

ನೀವು ಅಲ್ಲಿಂದ ನೋಡಿದ್ದು ನಾನು ನೆಲದ ಮೇಲೆ ಕೂತದ್ದನ್ನು. ಏನೋ ಕೆಟ್ಟದಾಯಿತು ಅಂದುಕೊಂಡು ನಾಲ್ಕು ಹೆಜ್ಜೆ ಓಡಿಬಂದು ನಿಂತುಬಿಟ್ಟಿರಿ. ನಿಂತದ್ದನ್ನು ನಾನು ನೋಡಿದೆ. ಅವಳೂ ನೋಡಿದಳು. ಡಮ್ಮಿ ಬಾಯಲ್ಲಿಟ್ಟುಕೊಂಡೇ ಬಹಳ ಹೊತ್ತು ನಿಮ್ಮ ಕಡೆ ನೋಡುತ್ತಾ ನಿಂತಳು. ಬಾಲ ಆಡಿಸಲಿಲ್ಲ. ಸುಳ್ಳು ಹೇಳುವುದಿಲ್ಲ. ಆದರೆ ಬಾಲ ಇಳಿಯಲೂ ಇಲ್ಲ.

ಇವಳು ಮುಂದಿನ ಸೀಸನ್ ಜೌಗಿಗೆ ಬರುತ್ತಾಳೋ, ನಿಜವಾದ ಕೋವಿಯ ಪಕ್ಕ ಯಾವತ್ತಾದರೂ ಕೂರುತ್ತಾಳೋ ಗೊತ್ತಿಲ್ಲ. ಇಲ್ಲವೆಂದೇ ಇಟ್ಟುಕೊಳ್ಳಿ. ನನ್ನ ಕೋಪವೂ ಹೋಗಿಲ್ಲ. ಕೆಲವು ದಿನ ಅವಳ ಗಂಟಲ ಕೆಳಗೆ ಕೂದಲು ಹುಟ್ಟದ ಆ ಜಾಗ ಕೈಗೆ ಸಿಕ್ಕಾಗ, ನೀವು ಎದುರಿಗಿದ್ದರೆ ಏನನ್ನುತ್ತಿದ್ದೆನೋ ಅಂತ ನನಗೇ ಭಯವಾಗುತ್ತದೆ.

ಮುಂದಿನ ಭಾನುವಾರ ಪಿಸ್ತೂಲು ಬೇಡ. ಬರಿಗೈಯಲ್ಲಿ ಬನ್ನಿ, ಜೇಬಿಲ್ಲದ ಅಂಗಿ ಹಾಕಿಕೊಂಡು ಬನ್ನಿ. ಓಕ್ ಮರ ದಾಟಿ, ತಂತಿಬೇಲಿಯ ತನಕ ಬಂದು ಹುಲ್ಲಿನ ಮೇಲೆ ಕೂತುಕೊಳ್ಳಿ. ಕರೆಯಬೇಡಿ, ಮಾತಾಡಬೇಡಿ. ಅವಳಾಗಿ ಬಂದರೆ ಬರಲಿ. ಬರದಿದ್ದರೆ ಅದರ ಮುಂದಿನ ಭಾನುವಾರ ಮತ್ತೆ ಬನ್ನಿ.

ಅಕ್ಷಯಾ